ಅಪ್ಪ ಒತ್ತಿದ ಕಾಲೇಜು

ಕೊರಳಪಟ್ಟಿಯಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ, ತೆಂಗಿನೆಣ್ಣೆಯೇ ಇರಬೇಕು, ಹೋದ ವರ್ಷ ಈ ಬಾಡಿಗೆಯ ಪದವಿ ಗೌನು ತೊಟ್ಟವಳದು, ಅವಳೂ ಇದೇ ಗೋಡೆಗೆ ಒರಗಿಕೊಂಡು ಬೆವರಿದ್ದಾಳೆ ಪಾಪ — ವೆನ್ ಗಲ್ಲ ಇಳಿಸಿ ಇನ್ನೊಮ್ಮೆ ಮೂಸಿದಳು, ನಾಲ್ಕು ವರ್ಷ ಮೀನಿನ ಕಿವಿರು ಮೂಸಿ ಮೂಸಿ ಅದೊಂದು ಚಾಳಿಯೇ ಆಗಿಹೋಗಿದೆ, ಕೈಗೆ ಏನು ಸಿಕ್ಕರೂ ಮೊದಲು ಮೂಗಿಗೆ, ಮದುವೆ ಮನೇಲಿ ಹಂಗೆಲ್ಲ ತಟ್ಟೆ ಮೂಸಬೇಡ ಕಣೇ, ಹೆಣ್ಣಿನ ಕಡೆಯವ್ರು ಏನಂದ್ಕೊಂಡಾರು ಅಂತ ಅಮ್ಮ ಮೊನ್ನೆ ತಾನೇ ಚಿವುಟಿದ್ದಳು — ಮೈಕು ಎರಡು ಸಲ ಕೆಮ್ಮಿತು, ಹೆಸರು ಕರೆಯುವುದು ಶುರುವಾಯಿತು, ಮನೆತನದ ಹೆಸರು ಹಿಡಿದು ಕರೆದರೆ ಅರ್ಧ ಸಭಾಂಗಣ ಒಟ್ಟಿಗೇ ಎದ್ದು ನಿಲ್ಲುತ್ತದೆ, ಅದಕ್ಕೇ ಇಟ್ಟ ಹೆಸರಿನ ಅಕ್ಷರದ ಮೇಲೆ ಸಾಲು, ಆನ್, ಬಿಚ್, ಚಿ, ವೆನ್ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುವುದು ಖಂಡಿತ, ಅವಳ ಹಿಂದೆ ಇರುವವರು ಮೂವರೇ, ಆಗಲಿ, ಅಷ್ಟು ಹೊತ್ತಿನಲ್ಲಿ ಮಾತು ಜೋಡಿಸಿಕೊಳ್ಳಬಹುದು, ಇರುವುದು ಒಂದೇ ಮಾತು, ಅಪ್ಪನಿಗೆ ಹೇಳಬೇಕಾದದ್ದು, ನಾಲ್ಕು ವರ್ಷದಿಂದ ಹೇಳದೆ ಉಳಿಸಿಕೊಂಡದ್ದು, ನಾಳಿದ್ದು ಕಡಲ ಕಡೆಯ ಸೀಗಡಿ ಮರಿಕೇಂದ್ರದಲ್ಲಿ ಕೆಲಸಕ್ಕೆ ಸೇರಬೇಕು, ಹೊರಟ ಮೇಲೆ ಫೋನಿನಲ್ಲಿ ಹೇಳುವಂಥದಲ್ಲ ಅದು. ಏಳನೆಯ ಸಾಲಿನಲ್ಲಿ ಅಪ್ಪ ಕೂತಿದ್ದಾರೆ, ಪಕ್ಕದಲ್ಲಿ ಅಮ್ಮ, ಇವತ್ತೇ ಡಬ್ಬದಿಂದ ತೆಗೆದ ಅಪ್ಪನ ಬಿಳಿ ಅಂಗಿಯ ಮಡಿಕೆಗಳು ಇಲ್ಲಿಗೂ ಕಾಣುತ್ತವೆ.

ಬೆಳಿಗ್ಗೆ ಲಿಫ್ಟಿನಲ್ಲಿ ಆದದ್ದು ಕಣ್ಣ ಮುಂದಿನಿಂದ ಸರಿಯಲೊಲ್ಲದು, ಕಾಲೇಜಿನಲ್ಲಿ ಇಷ್ಟು ಜನ ಹಿಡಿಸುವ ಜಾಗವೇ ಇಲ್ಲ, ಇರುವ ಒಂದು ಹಾಲಿನ ಸೂರು ಸೋರುತ್ತದೆ, ಹಾಗಾಗಿ ಪ್ರತಿವರ್ಷ ಪದವಿ ಕೊಡುವುದು ಪೇಟೆಯ ಸಾಂಸ್ಕೃತಿಕ ಭವನದ ನಾಲ್ಕನೆಯ ಮಹಡಿಯಲ್ಲಿ, ಮೂವರೂ ಲಿಫ್ಟು ಹತ್ತಿದರು, ಅಪ್ಪ ಗುಂಡಿಗಳ ಎದುರಿಗೇ ಸಿಕ್ಕಿಕೊಂಡರು, ಬಲಗೈಯ ತೋರುಬೆರಳು ಎತ್ತಿದರು, ನಾಲ್ಕರ ಹತ್ತಿರ ತಂದರು, ಅಲ್ಲೇ ನಿಲ್ಲಿಸಿದರು, ಉಗುರಿನ ಸಂದಿಯಲ್ಲಿ ಜೆರಾಕ್ಸ್ ಮೆಷಿನ್ನಿನ ಕರಿಪುಡಿ, ಎಷ್ಟು ತಿಕ್ಕಿದರೂ ಹೋಗದ್ದು, ಬೆರಳು ಹಾಗೇ ಗಾಳಿಯಲ್ಲಿ — ಒತ್ತಲಾ? ಅಂದರು ಅಮ್ಮನ ಕಡೆ ತಿರುಗಿ, ನಾಲ್ಕು ತಾನೇ, ಒತ್ತಲಾ? — ಸರೀರಿ ಅತ್ಲಾಗೆ, ನೀವು ಒತ್ತಿದ್ರೆ ಇನ್ನೆಲ್ಲಿಗೆ ಹೋಗಿ ಬೀಳ್ತೀವೋ, ಅಂತ ಅಮ್ಮ ಅಡ್ಡ ಕೈ ಹಾಕಿ ತಾನೇ ಒತ್ತಿದಳು, ಜತೆಗಿದ್ದ ಇನ್ನೊಂದು ಮನೆಯವರು ನಕ್ಕರು, ಅಪ್ಪನೂ ನಕ್ಕರು, ನಗುತ್ತಲೇ ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡರು, ಆ ಮಡಚುವುದನ್ನು ನೋಡಿಯೇ ವೆನ್‌ಗೆ ಇವತ್ತು ಹೇಳಿಬಿಡಬೇಕು ಅಂತ ಆಗಲೇ ನಿಶ್ಚಯವಾದದ್ದು. ಮೊದಲು ಹೀಗಿರಲಿಲ್ಲ ಅಪ್ಪ. ಐದನೆಯ ಮಗ ಅಂತ ಊರೆಲ್ಲ ನಾಮ್, ಅಂದರೆ ಐದು, ಎಂದು ಕರೆಯುವುದು, ಹೈಸ್ಕೂಲಿನ ಗೇಟಿನೆದುರು ಅಂಗಡಿ ಇಟ್ಟ ಮೇಲೆ ಜೆರಾಕ್ಸ್ ನಾಮ್, ಆ ಬೆರಳು ಒತ್ತುವುದೆಂದರೆ ಹಿಂದೆಮುಂದೆ ನೋಡುವ ಬೆರಳಲ್ಲ, ಟಪ್ ಅಂತ ಬೀಳುತ್ತಿತ್ತು, ನೂರು ಹಾಳೆಗೆ ಒಂದು ಸಲ, ಸೊಳ್ಳೆ ಹೊಡೆದಷ್ಟು ಸಲೀಸು.

ದಿಯೆಪ್, ದುಂಗ್, ಇನ್ನೂ ಡಿ ಅಕ್ಷರದಲ್ಲೇ ತೆವಳುತ್ತಿದೆ — ಜುಲೈ ಬಂತೆಂದರೆ ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ, ಹನ್ನೆರಡನೆಯ ತರಗತಿಯ ಅಂಕ ಬಂದಿರುತ್ತದೆ, ಮಕ್ಕಳು ಯಾವ ಯಾವ ಕಾಲೇಜು ಬೇಕೆಂದು ಸರ್ಕಾರದ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಸಾಲಾಗಿ ಬರೆಯಬೇಕು, ಆ ಪಟ್ಟಿ ಮೇಲಿನಿಂದ ನೋಡಿಕೊಂಡು ಬರುತ್ತದೆ, ಯಾವ ಸಾಲಿಗೆ ಅಂಕ ಸಾಕೋ ಅಲ್ಲೇ ನಿಂತುಬಿಡುತ್ತದೆ, ಅದರ ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಹಾಗಾಗಿ ಮೇಲೆ ಕೆಳಗೆ ಆದರೆ ಬದುಕೇ ಮೇಲೆ ಕೆಳಗೆ, ಮಕ್ಕಳು ತಾವೇ ಮಾಡಲು ಹೆದರಿ ಅಪ್ಪನ ಹತ್ತಿರ ಬರುತ್ತಿದ್ದರು, ಅಪ್ಪ ಒಬ್ಬೊಬ್ಬರಿಗೂ ಅದೇ ಮಾತು ಹೇಳುತ್ತಿದ್ದರು, ನೋಡು ಮಗಾ, ಪಕ್ಕದ ಮನೆಯವರಿಗೆ ಇಷ್ಟ ಇರೋದಲ್ಲ, ನಿಂಗೆ ಇಷ್ಟ ಇರೋದು ಮೇಲೆ, ಆಮೇಲೆ ಸಿಕ್ಕಿದ್ದು ಕೆಳಗೆ — ಎಷ್ಟು ಜನಕ್ಕೆ ಹೇಳಿದ್ದಾರೋ, ಕೇಳಿ ಕೇಳಿ ಅವಳಿಗೆ ಬಾಯಿಪಾಠ, ತನ್ನ ಮಗಳ ಸರದಿ ಬಂದಾಗ ಮಾತ್ರ ಅಪ್ಪ ಅದನ್ನು ಮರೆತರು, ಮೂವತ್ತಕ್ಕೆ ಇಪ್ಪತ್ತಾರು ಅಂಕ, ಬೀದಿಯಲ್ಲೇ ಹೆಚ್ಚು, ಸೈಗಾನಿನ ದೊಡ್ಡ ಶಾಲೆ, ಅಂದರೆ ಅಲ್ಲಿನ ವಿಶ್ವವಿದ್ಯಾಲಯ, ಮೇಲೆ, ಅದೊಂದೇ ಹೆಸರು ಎಲ್ಲರ ಬಾಯಲ್ಲಿ, ಗಾಜಿನ ಕಟ್ಟಡ, ಟೀವಿಯಲ್ಲಿ ಬರುವುದು, ಅಲ್ಲಿ ಓದಿದವರ ಕಾಲೇ ನೆಲಕ್ಕೆ ತಾಗುವುದಿಲ್ಲ ಅಂತ, ಎರಡನೆಯದು ಅದರ ತಂಗಿಯಂಥದು, ಮೂರನೆಯದು ಪಟ್ಟಿ ಖಾಲಿ ಕಾಣಬಾರದು ಅಂತ, ನದಿಯಾಚೆಯ ಮೀನು ಕಾಲೇಜು. ಮೀನು ಕಾಲೇಜೆಂದರೆ ಊರಲ್ಲಿ ಬೈಗುಳ ಇದ್ದ ಹಾಗೆ, ಸರಿಯಾಗಿ ಓದ್ಲಿಲ್ಲಾಂದ್ರೆ ಮೀನು ಕಾಲೇಜಿಗೆ ಹೋಗಿ ಕೊಳ ಬಳೀತೀಯಾ ಅಂತ ತಾಯಂದಿರು ಮಕ್ಕಳ ಕಿವಿ ಹಿಂಡುತ್ತಿದ್ದರು.

ಆದರೆ ವೆನ್ ಅಲ್ಲಿಗೆ ಒಮ್ಮೆ ಹೋಗಿದ್ದಳಲ್ಲ, ಯಾರಿಗೂ ಅದು ನೆನಪಿಲ್ಲ, ಅಪ್ಪನೇ ಕಳಿಸಿದ್ದು, ಬೈಂಡ್ ಮಾಡಿಸಿದ ನೋಟ್ಸಿನ ಕಟ್ಟು ಕೊಟ್ಟು ಬಾ ಅಂತ, ದೋಣಿ ದಾಟಿ ಹೋದರೆ ಗೇಟಿನಲ್ಲಿ ನರಪಿಳ್ಳೆಯಿಲ್ಲ, ಹಿಂದುಗಡೆ ಕೊಳದಲ್ಲಿ ಸೊಂಟದವರೆಗೆ ನೀರಿನಲ್ಲಿ ಒಬ್ಬ ಹೆಂಗಸು, ತಲೆಗೆ ಚೌಕುಳಿ ಬಟ್ಟೆ, ಆಳು ಇರಬೇಕು ಅಂದುಕೊಂಡಳು, ಏ ಹುಡುಗಿ ಆ ಬಕೆಟ್ ಇತ್ಲಾಗೆ ಕೊಡು, ಕೊಟ್ಟಳು, ನಿಂತ್ಕೊಂಡು ಏನ್ ನೋಡ್ತೀಯಾ, ಹಿಡಿ, ಅಂತ ಒದ್ದಾಡುವ ಮೀನೊಂದನ್ನು ಕೈಗೆ ತುರುಕಿದರು, ಮೂಸು, ಏನು ವಾಸನೆ? — ಮೊದಲ ಮಳೆ ಬಿದ್ದ ಮಣ್ಣಿನದು, ಅಂದಳು ವೆನ್, ಆ ಹೆಂಗಸು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದರು, ಸರಿ ಹೇಳ್ದೆ, ನೀರಲ್ಲಿ ಪಾಚಿ ಜಾಸ್ತಿ ಆಗಿದೆ, ಈ ಮೀನು ತಿಂದ್ರೆ ಮಣ್ಣು ತಿಂದಂಗಿರತ್ತೆ, ನಮ್ಮ ಮೂರನೇ ವರ್ಷದ ಕತ್ತೆಗಳಿಗೆ ಇದು ಗೊತ್ತಾಗಲ್ಲ ನೋಡು — ಅವರೇ ಹಾನ್ ಮೇಡಂ, ಕಾಲೇಜಿನ ದೊಡ್ಡ ಪ್ರೊಫೆಸರು, ಆ ದಿನ ದೋಣಿಯಲ್ಲಿ ವಾಪಸು ಬರುವಾಗ ಕೈ ತೊಳೆಯಲಿಲ್ಲ ಅವಳು, ಮಧ್ಯೆ ಮಧ್ಯೆ ಮೂಸಿ ನೋಡಿಕೊಳ್ಳುತ್ತಿದ್ದಳು. ಅದಕ್ಕೂ ಮೊದಲು ಶಾಲೆಯವರು ಸೈಗಾನಿನ ದೊಡ್ಡ ಶಾಲೆಗೂ ಕರೆದುಕೊಂಡು ಹೋಗಿದ್ದರು, ಅಲ್ಲಿ ಒಂದು ಟೋಪಿ ಕೊಟ್ಟರು, ಒಂದು ಚೀಲ ಕೊಟ್ಟರು, ನುಣ್ಣನೆಯ ಹಾಳೆಯ ಪುಸ್ತಕ ಕೊಟ್ಟರು, ಏನು ವಾಸನೆ ಅಂತ ಯಾರೂ ಕೇಳಲಿಲ್ಲ.

ಹೌಕ್, ಹುಯೆ, ಚಪ್ಪಾಳೆ, ಯಾರದೋ ಅಜ್ಜಿ ನಿಂತುಕೊಂಡು ಕೂಗುತ್ತಿದ್ದಾಳೆ — ಹಾಗಾಗಿ ಆ ಮಧ್ಯಾಹ್ನ, ಅಪ್ಪ ಮೆಷಿನ್ನಿಗೆ ಪುಡಿ ತುಂಬಲು ಒಳಗೆ ಹೋದದ್ದು ಎರಡೇ ನಿಮಿಷ, ಕಂಪ್ಯೂಟರಿನ ಮುಂದೆ ಅವಳೊಬ್ಬಳೇ, ಮೂರನೆಯ ಸಾಲಿನ ಪಕ್ಕ ಮೇಲ್ಮುಖದ ಸಣ್ಣ ಬಾಣ, ಒಂದು ಸಲ, ಇನ್ನೊಂದು ಸಲ, ಮೀನು ಕಾಲೇಜು ಮೇಲೆ ಹೋಗಿ ಕೂತಿತು, ತೆರೆಯ ಮೇಲೆ ಕಾಲೇಜಿನ ಹೆಸರಿಲ್ಲ, ಬರೀ ಸಂಕೇತದ ಅಕ್ಷರಗಳು, ಅಪ್ಪ ಬೆವರೊರೆಸಿಕೊಂಡು ಬಂದರು, ಆ ದಿನ ಅದು ಮೂವತ್ತನೆಯ ಪಟ್ಟಿಯೋ ಏನೋ, ಕನ್ನಡಕ ಹಣೆಯ ಮೇಲೇ ಇತ್ತು, ಮೂರಿದೆಯಲ್ಲ, ಮೂರೂ ಇದೆ, ಒತ್ತಲಾ? ಅಂದರು, ಯಾವತ್ತೂ ಯಾರನ್ನೂ ಕೇಳದವರು ಮಗಳನ್ನು ಕೇಳಿದರು, ಪ್ರೀತಿಗೆ, ಗಟ್ಟಿಯಾಗಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, ಒತ್ತಲಾ ಮಗಳೇ? — ಒತ್ತಿ ಅಪ್ಪ ಅಂದಳು, ಟಪ್. ಧೈರ್ಯದಿಂದ ಮಾಡಿದೆನೋ ಪುಕ್ಕಲುತನದಿಂದ ಮಾಡಿದೆನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಆ ಮೀನಿನ ವಾಸನೆ ನಿಜ, ಸೈಗಾನಿನ ರಸ್ತೆ ದಾಟಲಾರದೆ ಮೇಷ್ಟ್ರ ತೋಳು ಹಿಡಿದುಕೊಂಡದ್ದೂ ನಿಜ, ಎರಡೂ ಇದ್ದವು. ಆಗಸ್ಟಿನಲ್ಲಿ ಫಲಿತಾಂಶ ಬಂತು, ಅಪ್ಪ ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಕನ್ನಡಕ ತೆಗೆದು ಒರೆಸಿ ನೋಡಿದರು, ಅಮ್ಮ ಎದೆ ಎದೆ ಬಡಿದುಕೊಂಡಳು, ಇಪ್ಪತ್ತಾರು ಅಂಕಕ್ಕೆ ಕೊಳ ಬಳಿಯೋ ಕೆಲ್ಸವಾ, ಏನು ಮಾಡಿದ್ರೀ ನೀವು, ಏನು ಮಾಡಿದ್ರೀ — ವೆನ್ ಬಾಯಿ ತೆರೆದಳು, ತೆರೆದದ್ದು ನಿಜ, ಅಷ್ಟರಲ್ಲಿ ಅಪ್ಪ ಮೆಲ್ಲಗೆ ಅಂದರು, ತಪ್ಪು ನಂದೇ, ಬಾಣ ಒತ್ತುವಾಗ ಕೈ ಜಾರಿರಬೇಕು — ಅಂದಮೇಲೆ ಮುಗಿಯಿತು, ತೆರೆದ ಬಾಯಿಯನ್ನು ಅವಳು ಮುಚ್ಚಿಕೊಂಡಳು. ಮಾರನೆಯ ದಿನ ಅಪ್ಪ ಅಂಗಡಿಯ ಮುಂದಿನ ‘ಕಾಲೇಜು ಪಟ್ಟಿ ತುಂಬಿ ಕೊಡುತ್ತೇವೆ’ ಎಂಬ ಹಲಗೆ ಇಳಿಸಿದರು, ಈಗ ಅದು ಹಿತ್ತಲಲ್ಲಿ ನೀರಿನ ಹಂಡೆಗೆ ಮುಚ್ಚಳ, ಜುಲೈಯ ಚಪ್ಪಲಿಗಳ ರಾಶಿ ಎದುರು ಅಂಗಡಿಗೆ ಹೋಯಿತು, ಸ್ವಂತ ಮಗಳದ್ದೇ ತಲೆಕೆಳಗು ಮಾಡಿದೋನು ಅಂತ ಊರು ಆಡಿಕೊಂಡಿತು, ಅಜ್ಜನ ತಿಥಿಯ ಊಟದಲ್ಲಿ ಚಿಕ್ಕಮ್ಮ ಅವಳ ತಟ್ಟೆಗೆ ಬಾತುಕೋಳಿ ತುಂಡು ಬಡಿಸುತ್ತ ಕೇಳಿದಳು, ಹೆಂಗಿದೆಯಮ್ಮ ನಿಮ್ಮಪ್ಪ ಒತ್ತಿದ ಕಾಲೇಜು? ಅಲ್ಲಿಂದ ಅದಕ್ಕೆ ಅದೇ ಹೆಸರಾಯಿತು, ಅಪ್ಪ ತಲೆ ತಗ್ಗಿಸಿ ಊಟ ಮಾಡಿದರು, ವೆನ್ ಕೂಡ ಊಟ ಮಾಡಿದಳು.

ಹೆಂಗಿದೆ ಅಂದರೆ — ಎಲ್ಲ ಚೆನ್ನಾಗಿದೆ ಅನ್ನುವುದು ಸುಳ್ಳಾಗುತ್ತದೆ, ಲೆಕ್ಕದ ಮೇಷ್ಟ್ರು ಪುಸ್ತಕ ಓದುತ್ತ ಓದುತ್ತ ತಾವೇ ತೂಕಡಿಸುತ್ತಿದ್ದರು, ಸೂಕ್ಷ್ಮದರ್ಶಕಗಳಲ್ಲಿ ಅರ್ಧಕ್ಕೆ ಪ್ಲಾಸ್ಟರು ಅಂಟಿಸಿತ್ತು, ಮೊದಲನೆಯ ದಿನ ಪುಸ್ತಕದ ಬದಲು ಮೊಣಕಾಲಿನ ತನಕ ಬರುವ ಬೂಟು ಕೊಟ್ಟರು, ಎರಡೂ ಎಡಗಾಲಿನವು, ಕೂದಲಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು, ಸೀಟು ಪೂರ್ತಿ ಅವಳಿಗೇ, ಅದೂ ಒಂದು ಸುಖ — ಆದರೆ ತರಗತಿಯಲ್ಲಿ ಹದಿನಾಲ್ಕೇ ಜನ, ಒಬ್ಬಳು ಬಾರದಿದ್ದರೆ ಹಾನ್ ಮೇಡಂ ಸ್ಕೂಟರ್ ಹತ್ತಿ ಹಾಸ್ಟೆಲಿಗೇ ಬರುತ್ತಿದ್ದರು, ಜ್ವರನಾ ಸೋಮಾರಿತನನಾ, ಬಾಯಿ ತೆಗಿ ನೋಡೋಣ ಅಂತ, ಪ್ರಯೋಗ ಮುಗಿದ ಮೀನುಗಳು ಸಂಜೆ ಹುಣಸೆಹುಳಿಯ ಸಾರಾಗಿ ಎಲ್ಲರ ಬಟ್ಟಲಿಗೆ, ಎರಡನೆಯ ವರ್ಷ ಒಬ್ಬ ಮುದುಕ ಪ್ಲಾಸ್ಟಿಕ್ ಚೀಲದಲ್ಲಿ ಸತ್ತ ಮೀನು ಹಿಡಿದುಕೊಂಡು ಬಂದ, ಮೇಡಂ ಇಲ್ಲ, ಅಮ್ಮಣ್ಣಿ ನೀನೇ ನೋಡು, ಕೊಳ ಪೂರ್ತಿ ತೇಲ್ತಾ ಇದೆ ಅಂದ, ಅವಳು ಕಿವಿರು ಬಿಡಿಸಿದಳು, ಮೂಸಿದಳು, ಮೇವು ನಿಲ್ಲಿಸಿ ಅಜ್ಜಾ, ಅರ್ಧ ನೀರು ಬದಲಾಯಿಸಿ, ಮೂರು ದಿನ ಏನೂ ಹಾಕಬೇಡಿ ಅಂದಳು, ಆಮೇಲೆ ಮೂರು ದಿನ ಅವಳಿಗೇ ಅನ್ನ ಇಳಿಯಲಿಲ್ಲ, ನಾಲ್ಕನೆಯ ದಿನ ಮುದುಕ ಗೇಟಿನಲ್ಲಿ, ಕೈಯಲ್ಲಿ ಜೊಂಡಿನ ದಾರ ಪೋಣಿಸಿದ ಜೀವಂತ ಮೀನು, ನಿಂಗೆ, ಅಂದ, ಅಷ್ಟೇ ಅಂದು ಹೊರಟ. ದಾವ್, ಅವಳ ಜೊತೆಗೇ ಒಂದೇ ಬೆಂಚಿನಲ್ಲಿ ಓದಿದವಳು, ಸೈಗಾನಿನ ದೊಡ್ಡ ಶಾಲೆಗೆ ಹೋದವಳು, ಹೋದ ವರ್ಷ ಅವಳನ್ನು ನೋಡಲು ಹೋದಾಗ ಆ ಗಾಜಿನ ಕಟ್ಟಡದೊಳಗೆ ಕರೆದುಕೊಂಡು ಹೋದಳು, ಮುನ್ನೂರು ಕುರ್ಚಿಯ ಕೋಣೆ, ಮೇಷ್ಟ್ರು ದೂರದಲ್ಲಿ ಹೆಬ್ಬೆರಳಿನಷ್ಟು, ಮುಖ ನೋಡಬೇಕಾದರೆ ಪರದೆಯಲ್ಲಿ, ಅವರ ಹೆಸರೇನೇ ಅಂದರೆ ದಾವ್ ಚೀಟಿ ನೋಡಿ ಹೇಳಿದಳು, ಮೊದಲ ವರ್ಷ ಪೂರ್ತಿ ಮೆಟ್ಟಿಲ ಮೇಲೆ ಒಬ್ಳೇ ಕೂತು ಬ್ರೆಡ್ ತಿಂದೆ ಕಣೇ, ಯಾರಿಗೂ ಹೇಳಬೇಡ, ಮನೇಲಿ ಫೋನ್ ಮಾಡಿದ್ರೆ ಪಕ್ಕದಲ್ಲಿ ಗೆಳತೀರು ಇದ್ದಾರೆ ಅಂತಿದ್ದೆ — ಆದರೂ ದಾವ್ ಸೋತವಳಲ್ಲ, ಅಲ್ಲಿನ ತಣ್ಣನೆಯ ಗ್ರಂಥಾಲಯ ತೋರಿಸುವಾಗ ಅವಳ ಮುಖ ಅರಳಿತ್ತು, ನಾಲ್ಕು ಜನರ ಮುಂದೆ ನಿಂತು ವಾದ ಮಾಡುವುದು ಕಲಿತಿದ್ದಾಳೆ, ಕೆಲಸವೂ ಸಿಕ್ಕಿದೆ, ತಿಥಿಯ ಊಟದಲ್ಲಿ ಅವಳ ಅಮ್ಮ ಶಾಲೆಯ ಹೆಸರೊಂದು ಹೇಳಿದರೆ ಸಾಕು, ಹುಡುಗಿ ಹೇಗಿದ್ದಾಳೆ ಅಂತ ಮುಂದೆ ಯಾರೂ ಕೇಳುವುದೇ ಇಲ್ಲ, ವೆನ್‌ನ ಅಮ್ಮ ಹೆಸರು ಹೇಳಿದರೆ ಎಲ್ಲರೂ ಅಯ್ಯೋ ಅನ್ನುತ್ತಾರೆ, ಅವಳು ಹೇಗಿದ್ದಾಳೆ ಅಂತ ಆಗಲೂ ಕೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ ಅಂತ ಅಪ್ಪನಿಗೆ ಎಷ್ಟು ಸಲ ಹೇಳಿದಳು, ರಜೆಗೆ ಬಂದಾಗಲೆಲ್ಲ, ಅಪ್ಪ ತಲೆಯಾಡಿಸುತ್ತಿದ್ದರು, ನನಗೆ ಬೇಜಾರಾಗಬಾರದು ಅಂತ ಮಗಳು ಹಾಗೆ ಹೇಳುತ್ತಿದ್ದಾಳೆ ಅಂದುಕೊಂಡು ಅವಳ ಬಟ್ಟಲಿಗೆ ಇನ್ನೊಂದು ಸೌಟು ಹಾಕುತ್ತಿದ್ದರು, ನಿಜ ಹೇಳಿದರೂ ನಂಬದ ಹಾಗೆ ಮಾಡಿಟ್ಟವಳು ಅವಳೇ, ಅವಳಿಗೆ ಸಿಕ್ಕಿದ ಸುಖವೆಲ್ಲ ಅಪ್ಪನ ಲೆಕ್ಕದಲ್ಲಿ ಬರೀ ಸಮಾಧಾನದ ಮಾತು, ಎಂಥ ಅನ್ಯಾಯ.

ತುವಾನ್, ಉಯೆನ್, ಮುಂದಿನ ಗೌನು ಸರಿಯಿತು, ಚಪ್ಪಲಿಯ ಹಿಮ್ಮಡಿಗೆ ಗೌನಿನ ಅಂಚು ಸಿಕ್ಕಿಕೊಂಡಿದೆ, ಬಿಡಿಸಿಕೊಂಡಳು — ತ್ರಾನ್ ಥಿ ವೆನ್, ಮೀನು ರೋಗಶಾಸ್ತ್ರ, ಪ್ರಥಮ — ಮರದ ಮೆಟ್ಟಿಲು, ಬೆಳಕು ಕಣ್ಣಿಗೆ ಹೊಡೆಯಿತು, ಹಾನ್ ಮೇಡಂ ಇವತ್ತು ರೇಷ್ಮೆ ಉದ್ದಂಗಿಯಲ್ಲಿ, ಗುರುತೇ ಸಿಗುವುದಿಲ್ಲ, ಪದವಿಯ ಹಾಳೆ ಕೈಗಿಡುತ್ತ ಬಗ್ಗಿ ಅವಳ ಕೊರಳ ಹತ್ತಿರ ಮೂಸಿದರು, ತೆಂಗಿನೆಣ್ಣೆ, ಅಂದರು ಮೆಲ್ಲಗೆ, ನಿಂದಲ್ಲ, ಇಬ್ಬರೂ ನಗು ತಡೆದುಕೊಂಡರು, ಏಳನೆಯ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದಾಳೆ, ಅಪ್ಪ ಫೋನು ಎತ್ತಿ ಹಿಡಿದಿದ್ದಾರೆ ಫೋಟೊ ತೆಗೆಯಲು, ಬೆರಳು ಫೋನಿನ ಮೇಲೆ ಗಾಳಿಯಲ್ಲಿ, ಬಾಯಿ ಅಲ್ಲಾಡುತ್ತದೆ, ಇಲ್ಲಿಗೆ ಕೇಳಿಸುವುದಿಲ್ಲ ಆದರೆ ಗೊತ್ತಾಗುತ್ತದೆ, ಅಮ್ಮನನ್ನು ಕೇಳುತ್ತಿದ್ದಾರೆ, ಒತ್ತಲಾ, ಒತ್ತಲಾ, ಅಮ್ಮ ಅಳುತ್ತಿದ್ದಾಳೆ, ಅವಳಿಗೆ ಕೇಳಿಸಿಲ್ಲ, ಹೇಳುವವರಿಲ್ಲದೆ ಬೆರಳು ಅಲ್ಲೇ ನಿಂತಿದೆ, ವೆನ್ ವೇದಿಕೆಯ ಅಂಚಿನಲ್ಲಿ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ನಿಂತಳು, ಹಿಂದಿನ ಹುಡುಗ ನೂಕಿದ, ಫೋಟೊ ಇಲ್ಲ.

ಹೊರಗೆ ಹೂವಿನ ಗುಚ್ಛಗಳ ನೂಕುನುಗ್ಗಲು, ಅಮ್ಮ ಅವಳ ಕೆನ್ನೆ ಮೂಸಿ ಮುದ್ದಿಟ್ಟಳು, ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಒಳ್ಳೆ ಕಾಗದ, ದಪ್ಪ ಇದೆ, ಅಂದರು, ಫೋಟೊ ತಪ್ಪಿಹೋಯ್ತು ಮಗಳೇ — ಪರವಾಗಿಲ್ಲ ಅಪ್ಪ — ಲಿಫ್ಟು ಬಂತು, ಹತ್ತಿದವರು ಮೂವರೇ, ಉಳಿದವರು ಇನ್ನೂ ಹೂವಿನ ನಡುವೆ, ಬಾಗಿಲು ಮುಚ್ಚಿತು, ಅಪ್ಪ ಮತ್ತೆ ಗುಂಡಿಗಳ ಎದುರು, ಬೆರಳು ಎದ್ದಿತು, ಕೆಳಗೆ ತಾನೇ, ಒತ್ತಲಾ? — ಅಪ್ಪ, ಅವತ್ತು ಮೀನು ಕಾಲೇಜನ್ನ ಮೇಲಕ್ಕೆ ಹಾಕಿದ್ದು ನಾನು, ನಿಮ್ಮ ಕೈ ಜಾರಿದ್ದಲ್ಲ, ನೀವು ಪುಡಿ ತುಂಬೋಕೆ ಒಳಗೆ ಹೋಗಿದ್ರಿ, ನಾನೇ ಬಾಣ ಒತ್ತಿದೆ, ಎರಡು ಸಲ — ಜೋಡಿಸಿಕೊಂಡದ್ದು ಇನ್ನೂ ಏನೇನೋ ಇತ್ತು, ಕ್ಷಮಿಸಿ ಅನ್ನುವುದಿತ್ತು, ಬಂದದ್ದು ಇಷ್ಟೇ, ಲಿಫ್ಟು ಎಲ್ಲಿಗೂ ಹೋಗದೆ ನಿಂತಿದೆ, ಗೋಡೆಯಲ್ಲಿ ಫ್ಯಾನು ಗುಂಯ್‌ಗುಟ್ಟುತ್ತಿದೆ, ಅಪ್ಪ ಅವಳನ್ನು ನೋಡಲಿಲ್ಲ, ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ತುಂಬ ಹೊತ್ತು ಒರೆಸಿದರು, ನಾಲ್ಕು ವರ್ಷ, ಅಂದರು, ಸಾರಿಗೆ ಉಪ್ಪು ಹಾಕೋಕೂ ನಿಮ್ಮಮ್ಮನ್ನ ಕೇಳಿದೀನಿ ಕಣೇ ನಾನು — ಹೆದರಿಕೆ ಆಯ್ತು ಅಪ್ಪ, ಮೊದಲ್ನೇ ದಿನ ಹೇಳ್ಲಿಲ್ಲ, ಆಮೇಲೆ ಹೇಳೋಕೇ ಆಗ್ಲಿಲ್ಲ — ಯಾಕೆ ಮಾಡ್ದೆ? — ನೀವೇ ಹೇಳ್ತಿದ್ರಲ್ಲ ಎಲ್ಲರಿಗೂ, ನಿಂಗೆ ಇಷ್ಟ ಇರೋದು ಮೇಲೆ ಅಂತ — ಅಪ್ಪ ಒರೆಸುವುದನ್ನು ನಿಲ್ಲಿಸಿದರು, ಇಷ್ಟ ಇತ್ತಾ? — ಇತ್ತು — ಈಗ? — ಈಗ್ಲೂ ಅಪ್ಪ, ಆಗಿನಕ್ಕಿಂತ ಜಾಸ್ತಿ — ಕೊರಳಪಟ್ಟಿಯ ತೆಂಗಿನೆಣ್ಣೆ ಮೂಗಿಗೆ ಹೊಡೆಯಿತು, ಅಪ್ಪ ಹೂಂ ಅಂದರು, ಇನ್ನೊಮ್ಮೆ ಹೂಂ ಅಂದರು, ಹಾಗಾದ್ರೆ ಸರಿಯಾಗೇ ಒತ್ತಿದೀನಿ ನಾನು, ಅಂತ ತಮಗೆ ತಾವೇ ಹೇಳಿಕೊಂಡರು, ಕನ್ನಡಕ ಇನ್ನೂ ಎಡಗೈಯಲ್ಲೇ ಇತ್ತು, ಬಲಗೈಯ ಬೆರಳು ಎದ್ದಿತು, ಯಾರನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ, ಟಪ್ — ಲಿಫ್ಟು ಅಲುಗಿ ಮೇಲಕ್ಕೆ ಹೊರಟಿತು, ಅಯ್ಯೋ ಇದೇನ್ರೀ ಐದಕ್ಕೆ ಒತ್ತಿದ್ರಲ್ಲ, ಮೇಲೆ ಏನೂ ಇಲ್ಲ, ಬರೀ ನೀರಿನ ಟ್ಯಾಂಕು, ಅಂತ ಅಮ್ಮ ಹಣೆ ಚಚ್ಚಿಕೊಂಡಳು, ಅಪ್ಪ ಕನ್ನಡಕ ಏರಿಸಿ ನೋಡಿದರು, ಮುಖದಲ್ಲಿ ನಿಧಾನಕ್ಕೆ ನಗು ಹರಡಿತು, ಹೌದು ಕಣೇ, ಅಂದರು, ಈ ತಪ್ಪು ಮಾತ್ರ ನಂದೇ — ಬೆರಳನ್ನು ಮಡಚಲಿಲ್ಲ, ಹಿಂದಕ್ಕೆ ತೆಗೆಯಲೂ ಇಲ್ಲ, ಉಗುರಿನ ಸಂದಿಯ ಕರಿಪುಡಿ, ಅದರ ಕೆಳಗೆ ಹತ್ತಿಕೊಂಡ ಐದರ ಕೆಂಪು ದೀಪ, ಅದರ ಮೇಲೆ ಗಟ್ಟಿಯಾಗಿ ಊರಿದ ಬೆರಳು, ಆ ಬೆರಳು.